ಸಾಲದ ಕಲ್ಲು ಕೀಳಿಸಿದ ಸೋಲನ್



ಈ ಸಲ ನಮ್ಮ ಗೋಡೆ ಪತ್ರಿಕೆಯಲ್ಲಿ ದೊಡ್ಡವರ ಜೀವನ ಚರಿತ್ರೆ ಬರೆಯುವ ಸರದಿ ನನ್ನದು. ನಾನು ಗ್ರೀಸ್ ದೇಶದ ಸೋಲನ್‌ನನ್ನು ಆರಿಸಿಕೊಂಡಿದ್ದೇನೆ. ಅಲೆಕ್ಸಾಂಡರ್ ಅಂದ್ರೆ ಎಲ್ಲರಿಗೂ ಗೊತ್ತು, ಸೋಲನ್ ಅಂದ್ರೆ ಯಾರು ಅಂತ ಕೇಳ್ತೀರಿ. ಇವನು ದೇಶ ದೇಶ ಗೆದ್ದವನಲ್ಲ. ಆದರೂ ನನಗೆ ಇವನೇ ದೊಡ್ಡವನು ಅನ್ನಿಸ್ತು. ಯಾಕೆ ಅಂತ ಪೂರ್ತಿ ಓದಿ ನೋಡಿ.

ಆಗ ಗ್ರೀಸ್ ಒಂದೇ ರಾಜ್ಯ ಆಗಿರಲಿಲ್ಲ. ಒಂದು ಪಟ್ಟಣ, ಅದರ ಸುತ್ತಲಿನ ಹಳ್ಳಿ ಮತ್ತು ಹೊಲಗಳು ಸೇರಿ ಒಂದು ರಾಜ್ಯ. ಇದನ್ನು ನಗರ ರಾಜ್ಯ ಅಂತಾರೆ. ಅಥೆನ್ಸ್, ಸ್ಪಾರ್ಟಾ, ಕೊರಿಂತ್ ಇವೆಲ್ಲ ನಗರ ರಾಜ್ಯಗಳು. ಸೋಲನ್ ಅಥೆನ್ಸಿನವನು. ಕ್ರಿ.ಪೂ. 630ರ ಸುಮಾರಿಗೆ ಹುಟ್ಟಿದನು. ಮನೆತನ ದೊಡ್ಡದು, ಆದರೆ ತಂದೆ ಕೈಯಲ್ಲಿದ್ದದ್ದನ್ನೆಲ್ಲ ದಾನ ಮಾಡಿ ಕರಗಿಸಿದ್ದನಂತೆ. ಅದಕ್ಕೇ ಸೋಲನ್ ಹಡಗು ಹತ್ತಿ ವ್ಯಾಪಾರಕ್ಕೆ ಹೋದನು. ಪದ್ಯಗಳನ್ನೂ ಬರೆಯುತ್ತಿದ್ದನು.

ಅಥೆನ್ಸಿನಲ್ಲಿ ಆಗ ರಾಜ ಇರಲಿಲ್ಲ. ಪ್ರತಿ ವರ್ಷ ಒಂಬತ್ತು ಜನ ಆರ್ಕನ್ ಎಂಬ ಅಧಿಕಾರಿಗಳು ಆಳುತ್ತಿದ್ದರು. ಅವರೆಲ್ಲ ದೊಡ್ಡ ಮನೆತನದವರೇ. ಬಡ ರೈತರ ಮಾತು ಕೇಳುವವರೇ ಇರಲಿಲ್ಲ. ಕ್ರಿ.ಪೂ. 621ರಲ್ಲಿ ಡ್ರೇಕೋ ಎಂಬುವನು ಕಾನೂನು ಬರೆದಿದ್ದನು. ಅದು ಎಷ್ಟು ಕಠಿಣ ಅಂದ್ರೆ, ಹಣ್ಣು ತರಕಾರಿ ಕದ್ದರೂ ಮರಣದಂಡನೆಯಂತೆ!

ಎಲ್ಲಕ್ಕಿಂತ ದೊಡ್ಡ ಕಷ್ಟ ಸಾಲ. ಪ್ಲುಟಾರ್ಕ್ ಎಂಬ ಲೇಖಕನು ಸುಮಾರು 700 ವರ್ಷ ಆದ ಮೇಲೆ ಸೋಲನ್‌ನ ಜೀವನ ಬರೆದಿದ್ದಾನೆ. ಅವನು ಹೇಳುವ ಪ್ರಕಾರ ಎಷ್ಟೋ ಬಡವರು ಬೆಳೆದದ್ದರಲ್ಲಿ ಆರರಲ್ಲಿ ಒಂದು ಪಾಲನ್ನು ಶ್ರೀಮಂತರಿಗೆ ಅಳೆಯಬೇಕಿತ್ತು. ಇನ್ನು ಕೆಲವರು ತಮ್ಮ ಮೈಯನ್ನೇ ಒತ್ತೆ ಇಟ್ಟು ಸಾಲ ತಗೊಳ್ತಿದ್ದರು. ತೀರಿಸೋಕೆ ಆಗದಿದ್ದರೆ ಜೀತಕ್ಕೆ ಬೀಳಬೇಕು, ಇಲ್ಲಾಂದ್ರೆ ಗುಲಾಮರಾಗಿ ಪರದೇಶಕ್ಕೆ ಮಾರಾಟ ಆಗಬೇಕು. ಹೆತ್ತ ಮಕ್ಕಳನ್ನೇ ಮಾರಿದವರೂ ಇದ್ದರಂತೆ.

ಇದನ್ನು ಓದಿದ ದಿನ ನನಗೆ ಬೇಗ ನಿದ್ದೆ ಬರಲಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಅಪ್ಪನೂ ಸಾಲ ಮಾಡ್ತಾರೆ. ಅವ್ವನ ಓಲೆ ಅಡವಿಗೆ ಹೋಗುತ್ತೆ. ಆದರೆ ಓಲೆ ಹೋಗೋದು ಬೇರೆ, ನಾನೇ ಹೋಗೋದು ಬೇರೆ. ಅಥೆನ್ಸಿನ ಹಳ್ಳಿಗಳಲ್ಲಿ ನನ್ನ ವಯಸ್ಸಿನವರೇ ಹೋಗಿರಬಹುದಲ್ಲ!

ಬಡವರು ಸಿಟ್ಟಿಗೆದ್ದರು. ಊರೇ ಎರಡು ಭಾಗ ಆಗಿ ಹೊಡೆದಾಟ ಆಗುವ ಹಾಗಾಯಿತು. ಆಗ ಎಲ್ಲರೂ ಸೇರಿ ಸೋಲನ್‌ನನ್ನು ಕ್ರಿ.ಪೂ. 594ರಲ್ಲಿ ಆರ್ಕನ್ ಮಾಡಿ, ನೀನೇ ನ್ಯಾಯ ಹೇಳು ಅಂತ ಒಪ್ಪಿಸಿದರು. ಇವನು ದೊಡ್ಡ ಮನೆತನದವನು ಅಂತ ಶ್ರೀಮಂತರು ನಂಬಿದರು. ಪ್ರಾಮಾಣಿಕ ಅಂತ ಬಡವರು ನಂಬಿದರು.

ಸೋಲನ್ ಮೊದಲು ಮಾಡಿದ ಕೆಲಸ ಸಾಲ ಮನ್ನಾ. ಇನ್ನು ಮುಂದೆ ಯಾರೂ ಮನುಷ್ಯನ ಮೈಯನ್ನು ಒತ್ತೆ ಇಟ್ಟುಕೊಂಡು ಸಾಲ ಕೊಡಬಾರದು ಅಂತ ಕಾನೂನು ಮಾಡಿದನು. ಭೂಮಿಯಲ್ಲಿ ನೆಟ್ಟಿದ್ದ ಕಲ್ಲುಗಳನ್ನು ಕೀಳಿಸಿದ ವಿಷಯವನ್ನು ತನ್ನ ಪದ್ಯದಲ್ಲೇ ಹೇಳಿಕೊಂಡಿದ್ದಾನೆ. ಅವು ನಮ್ಮ ಬಾಂದು ಕಲ್ಲಿನ ತರಹ ಹೊಲದಲ್ಲಿ ನೆಟ್ಟ ಸಾಲದ ಗುರುತು ಅಂತ ಹಿಂದಿನವರು ಹೇಳ್ತಾರೆ. ಪರದೇಶಕ್ಕೆ ಮಾರಾಟವಾಗಿ, ಅಲ್ಲೇ ಅಲೆದು ಅಲೆದು ತಮ್ಮ ಭಾಷೆಯನ್ನೇ ಮರೆತಿದ್ದ ಜನರನ್ನು ವಾಪಸ್ಸು ಕರೆಸಿದನಂತೆ. ಗ್ರೀಕರು ಇದಕ್ಕೆಲ್ಲ ಭಾರ ಕೊಡವಿ ಹಾಕುವುದು ಎಂಬ ಅರ್ಥದ ಹೆಸರಿಟ್ಟರು.

ಇಲ್ಲೊಂದು ಸ್ವಾರಸ್ಯ ಇದೆ. ಸಾಲ ಮನ್ನಾ ಆಗುತ್ತೆ ಅಂತ ಮೊದಲೇ ತಿಳಿದುಕೊಂಡ ಸೋಲನ್‌ನ ಕೆಲವು ಸ್ನೇಹಿತರು ಸಿಕ್ಕಾಪಟ್ಟೆ ಸಾಲ ಎತ್ತಿ ಜಮೀನು ಕೊಂಡುಬಿಟ್ಟರಂತೆ. ಜನ ಸೋಲನ್ ಮೇಲೂ ಅನುಮಾನ ಪಟ್ಟರು. ಆದರೆ ಅವನಿಗೇ ಬೇರೆಯವರಿಂದ 5 ಟ್ಯಾಲೆಂಟ್ ಸಾಲ ಬರಬೇಕಿತ್ತು. ಒಂದು ಟ್ಯಾಲೆಂಟ್ ಅಂದ್ರೆ ಸುಮಾರು 26 ಕೆ.ಜಿ. ಬೆಳ್ಳಿ! ತನ್ನ ಕಾನೂನಿನ ಪ್ರಕಾರ ಎಲ್ಲರಿಗಿಂತ ಮೊದಲು ಅದನ್ನು ತಾನೇ ಬಿಟ್ಟುಕೊಟ್ಟನು. ಆಮೇಲೆ ಜನರ ಬಾಯಿ ಮುಚ್ಚಿತು.

ಆಡಳಿತವನ್ನೂ ಬದಲಾಯಿಸಿದನು. ಕೊಲೆಯ ಕಾನೂನು ಒಂದನ್ನು ಬಿಟ್ಟು ಡ್ರೇಕೋನ ಉಳಿದ ಕಾನೂನುಗಳನ್ನು ತೆಗೆದುಹಾಕಿದನು. ಹುಟ್ಟುವಳಿ ನೋಡಿ ಪೌರರನ್ನು ನಾಲ್ಕು ವರ್ಗ ಮಾಡಿದನು. ವರ್ಷಕ್ಕೆ 500 ಅಳತೆ ಬೆಳೆಯುವವರು, 300 ಅಳತೆಯವರು, 200 ಅಳತೆಯವರು, ಅದಕ್ಕಿಂತ ಕಡಿಮೆಯವರು. ಒಂದು ಅಳತೆ ಅಂದ್ರೆ ಸುಮಾರು 52 ಲೀಟರ್. ದೊಡ್ಡ ಹುದ್ದೆಗಳು ಮೇಲಿನವರಿಗೇ ಸಿಕ್ಕವು. ಆದರೆ ಕೂಲಿ ಮಾಡುವವರೂ ಜನಸಭೆಗೆ ಬಂದು ಕೂರಬಹುದು, ನ್ಯಾಯ ಹೇಳುವುದರಲ್ಲೂ ಸೇರಬಹುದು ಅಂತ ಆಯಿತು. 400 ಜನರ ಒಂದು ಸಮಿತಿಯನ್ನೂ ಮಾಡಿದನಂತೆ. ಯಾರಿಗಾದರೂ ಅನ್ಯಾಯ ಆದರೆ ಅವನ ಪರವಾಗಿ ಬೇರೆ ಯಾವ ಪೌರನಾದರೂ ದೂರು ಕೊಡಬಹುದಿತ್ತು. ಇದು ನನಗೆ ತುಂಬಾ ಹಿಡಿಸಿತು. ಹೆದರಿದವನು ಬಾಯಿ ಬಿಡದಿದ್ದರೆ ಹೆದರದವನು ಮಾತಾಡಬಹುದು.

ಇನ್ನೊಂದು ಕಾನೂನು ಕೇಳಿ. ಮಗನಿಗೆ ಒಂದು ಕಸುಬು ಕಲಿಸದ ತಂದೆಯನ್ನು ವಯಸ್ಸಾದ ಮೇಲೆ ಮಗ ಸಾಕಲೇಬೇಕು ಅಂತಿಲ್ಲ! ಈ ಕಾನೂನುಗಳನ್ನೆಲ್ಲ ಮರದ ಹಲಗೆಗಳ ಮೇಲೆ ಬರೆಸಿ, ತಿರುಗಿಸಿ ಓದುವಂತೆ ಚೌಕಟ್ಟಿನಲ್ಲಿ ಕೂರಿಸಿದರು. ನಮ್ಮ ಗೋಡೆ ಪತ್ರಿಕೆಯ ಹಾಗೆ ಎಲ್ಲರೂ ನೋಡಬಹುದಿತ್ತು.

ಇಷ್ಟು ಮಾಡಿದರೂ ಯಾರಿಗೂ ಪೂರ್ತಿ ಸಮಾಧಾನ ಆಗಲಿಲ್ಲ. ಸಾಲ ಹೋಯಿತಲ್ಲ ಅಂತ ಶ್ರೀಮಂತರಿಗೆ ಸಿಟ್ಟು. ಎಲ್ಲರ ಜಮೀನನ್ನು ಸಮವಾಗಿ ಹಂಚಲಿಲ್ಲ ಅಂತ ಬಡವರಿಗೆ ಸಿಟ್ಟು. ನೀನೇ ಸರ್ವಾಧಿಕಾರಿ ಆಗಿಬಿಡು ಅಂತ ಸ್ನೇಹಿತರು ಹೇಳಿದ್ದರು. ಸೋಲನ್ ಒಪ್ಪಲಿಲ್ಲ. ಬಲೆಗೆ ಬಿದ್ದ ಮೀನನ್ನು ಬಿಟ್ಟ ದಡ್ಡ ಅಂತ ಜನ ಆಡಿಕೊಂಡರೂ ಅವನು ನಾಚಿಕೆ ಪಡಲಿಲ್ಲ. ಕಾನೂನು ಬದಲಿಸು ಅಂತ ದಿನಾ ಬಾಗಿಲಿಗೆ ಬರುವವರು ಜಾಸ್ತಿಯಾದಾಗ, ಹತ್ತು ವರ್ಷ ಊರು ಬಿಟ್ಟು ಈಜಿಪ್ಟ್, ಸೈಪ್ರಸ್ ಕಡೆ ಹೊರಟುಹೋದನು.

ವಾಪಸ್ಸು ಬಂದ ಮೇಲೆ ಮತ್ತೆ ಜಗಳ ಶುರುವಾಗಿತ್ತು. ಪೈಸಿಸ್ಟ್ರಾಟಸ್ ಎಂಬುವನು ತನ್ನ ಮೈಗೆ ತಾನೇ ಗಾಯ ಮಾಡಿಕೊಂಡು, ಶತ್ರುಗಳು ಹೊಡೆದರು ಅಂತ ನಾಟಕ ಆಡಿ, ಕಾವಲುಗಾರರನ್ನು ಪಡೆದನು. ಅವರನ್ನೇ ಇಟ್ಟುಕೊಂಡು ಕ್ರಿ.ಪೂ. 561ರ ಸುಮಾರಿಗೆ ಅಧಿಕಾರ ಕಿತ್ತುಕೊಂಡನು. ಮುದುಕನಾಗಿದ್ದ ಸೋಲನ್ ಒಬ್ಬನೇ ಎಲ್ಲರೆದುರು ವಿರೋಧಿಸಿದನು. ಜನ ಹೆದರಿ ಸುಮ್ಮನಾದರು. ಸ್ವಲ್ಪ ಸಮಯದಲ್ಲೇ ಸೋಲನ್ ತೀರಿಕೊಂಡನು. ಆದರೆ ಆ ಪೈಸಿಸ್ಟ್ರಾಟಸ್ ಕೂಡ ಸೋಲನ್‌ನ ಹೆಚ್ಚಿನ ಕಾನೂನುಗಳನ್ನು ಹಾಗೇ ಇಟ್ಟುಕೊಂಡನು. ಕ್ರಿ.ಪೂ. 508ರ ಹೊತ್ತಿಗೆ ಕ್ಲೈಸ್ತನೀಸ್ ಬಂದು ಪ್ರಜಾಪ್ರಭುತ್ವವನ್ನು ಇನ್ನೂ ಮುಂದಕ್ಕೆ ಒಯ್ದನು.

ಸೋಲನ್‌ನ ಅಥೆನ್ಸಿನಲ್ಲೂ ಕೊರತೆ ಇತ್ತು. ಹೊರಗಿನಿಂದ ತಂದ ಗುಲಾಮರು ಗುಲಾಮರಾಗಿಯೇ ಉಳಿದರು. ಹೆಂಗಸರು ಜನಸಭೆಗೆ ಹೋಗುವ ಹಾಗಿರಲಿಲ್ಲ. ನಾನು ಅಲ್ಲಿ ಹುಟ್ಟಿದ್ದರೆ ನನಗೂ ಜಾಗ ಇರುತ್ತಿರಲಿಲ್ಲ. ಆದರೂ ಸಾಲಕ್ಕೆ ಮನುಷ್ಯನನ್ನು ಮಾರಬಾರದು ಅಂತ ಅಷ್ಟು ಹಿಂದೆಯೇ ಕಾನೂನು ಬರೆದು, ಕೈಗೆ ಬಂದ ಗದ್ದುಗೆಯನ್ನು ಬೇಡ ಅಂದು ನಡೆದವನು ಅವನು. ಆಳುವವನು ಹೋಗ್ತಾನೆ, ನ್ಯಾಯವಾದ ಕಾನೂನು ಉಳಿಯುತ್ತೆ ಅಂತ ನಾನು ಇವನಿಂದ ಕಲಿತೆ.

– 7ನೇ ತರಗತಿ ವಿದ್ಯಾರ್ಥಿನಿ