ಎಲಿಹು ಯೇಲ್: ಮದರಾಸಿನ ಗವರ್ನರನ ಸಂಪತ್ತು

ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರಿತ್ತ ಎಲಿಹು ಯೇಲನು 1649ರಲ್ಲಿ ಬಾಸ್ಟನ್ನಿನಲ್ಲಿ ಜನಿಸಿದನು. ಶೈಶವದಲ್ಲಿಯೇ ಕುಟುಂಬದೊಡನೆ ಇಂಗ್ಲೆಂಡಿಗೆ ತೆರಳಿದವನು ಮತ್ತೆಂದೂ ಆ ಖಂಡವನ್ನು ಮೆಟ್ಟಲಿಲ್ಲ. ಅವನ ಏಳಿಗೆಯೆಲ್ಲ ನಡೆದುದು ಮದರಾಸಿನಲ್ಲಿ.

1672ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಾಮಾನ್ಯ ಗುಮಾಸ್ತನಾಗಿ ಸೇಂಟ್ ಜಾರ್ಜ್ ಕೋಟೆಗೆ ಬಂದಿಳಿದ ಯೇಲನು, 1680ರಲ್ಲಿ ಕ್ಯಾಥರೀನ್ ಹಿನ್ಮರ್ಸ್ ಎಂಬ ಧನಿಕ ವಿಧವೆಯನ್ನು ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿನಲ್ಲಿ ವಿವಾಹವಾದನು. ಅವರ ಮಗ ಡೇವಿಡ್ ಎಳವೆಯಲ್ಲೇ ತೀರಿಕೊಂಡನು. ಅವನ ಗೋರಿ ಇಂದಿಗೂ ಚೆನ್ನೈ ಹೈಕೋರ್ಟಿನ ಆವರಣದಲ್ಲಿದೆ.

1687ರಲ್ಲಿ ಯೇಲನು ಗವರ್ನರನಾದನು. ಅದೇ ವರ್ಷ ಗೋಲ್ಕೊಂಡವು ಔರಂಗಜೇಬನ ವಶವಾಯಿತು. ಯುದ್ಧ, ಕ್ಷಾಮಗಳ ಹೊಡೆತಕ್ಕೆ ಸಿಲುಕಿದ ಜನ ತಮ್ಮನ್ನೂ ತಮ್ಮ ಮಕ್ಕಳನ್ನೂ ಮಾರಿಕೊಳ್ಳುವ ಸ್ಥಿತಿಗೆ ಇಳಿದರು. ಕಂಪನಿಗೆ ಸೇಂಟ್ ಹೆಲೀನಾ ದ್ವೀಪದ ತೋಟಗಳಿಗೆ ಆಳುಗಳು ಬೇಕಾಗಿದ್ದರು. ಯೂರೋಪಿಗೆ ಹೊರಡುವ ಪ್ರತಿ ಹಡಗೂ ಕನಿಷ್ಠ 10 ಮಂದಿ ಗುಲಾಮರನ್ನು ಒಯ್ಯಬೇಕೆಂಬ ಕಟ್ಟಳೆಯು ಕೋಟೆಯ ಮಂಡಲಿಯ ದಾಖಲೆಗಳಲ್ಲಿದೆ. ಆ ಮಂಡಲಿಯಲ್ಲಿ ಯೇಲನೂ ಕುಳಿತಿದ್ದನು. ಕಳವಿನ ಆರೋಪ ಹೊತ್ತವರಿಗೆ ಛಡಿಯೇಟು, ಬರೆ, ಹೊರದೇಶದ ದಾಸ್ಯ, ಇವೇ ಅವನು ವಿಧಿಸಿದ ಶಿಕ್ಷೆಗಳು. 1688ರಲ್ಲಿ ಈ ರಫ್ತಿಗೆ ನಿಷೇಧ ಬಂದಿತು. ಅದು ಕರುಣೆಯ ಫಲವೆನ್ನುವಂತಿಲ್ಲ. ಹೊಸದಾಗಿ ಆ ಸೀಮೆಯ ಒಡೆಯರಾದ ಮೊಗಲರ ಅಸಮಾಧಾನವನ್ನು ಕಂಪನಿ ಕಡೆಗಣಿಸುವಂತಿರಲಿಲ್ಲ.

ಖಾಸಗಿ ವ್ಯಾಪಾರದಲ್ಲಿ ಕೈಬಿಚ್ಚಿ ತೊಡಗಿದ ಆರೋಪದ ಮೇಲೆ 1692ರಲ್ಲಿ ಅವನು ಪದಚ್ಯುತನಾದನು. ಆದರೂ ವಜ್ರದ ವಹಿವಾಟಿನಿಂದ ಅಪಾರ ಧನ ಗಳಿಸಿ 1699ರಲ್ಲಿ ಇಂಗ್ಲೆಂಡಿಗೆ ಮರಳಿದನು.

ಹಣದ ಮುಗ್ಗಟ್ಟಿನಲ್ಲಿದ್ದ ಕನೆಕ್ಟಿಕಟ್ಟಿನ ಕಿರಿಯ ಶಾಲೆಯೊಂದರ ಪರವಾಗಿ 1718ರಲ್ಲಿ ಪಾದ್ರಿ ಕಾಟನ್ ಮ್ಯಾಥರನು ಅವನಿಗೆ ಪತ್ರ ಬರೆದು, ಕೊಡುಗೆಯಿತ್ತರೆ ಶಾಲೆಯು ಅವನ ಹೆಸರನ್ನು ಹೊರಬಹುದೆಂದು ಸೂಚಿಸಿದನು. ಸ್ವತಃ ಮ್ಯಾಥರನೂ ಗುಲಾಮರ ಒಡೆಯನೇ. ಯೇಲನು 417 ಪುಸ್ತಕಗಳನ್ನೂ ದೊರೆ ಒಂದನೆಯ ಜಾರ್ಜನ ಚಿತ್ರವನ್ನೂ ಒಂಬತ್ತು ಮೂಟೆ ಸರಕನ್ನೂ ಕಳುಹಿದನು. ಸರಕು ಸುಮಾರು 560 ಪೌಂಡಿಗೆ ಮಾರಾಟವಾಯಿತು. ಅಷ್ಟು ಅಲ್ಪ ಬೆಲೆಗೆ ಇಷ್ಟು ದೀರ್ಘವಾದ ಕೀರ್ತಿ ಕೊಂಡವರು ವಿರಳ.

1721ರಲ್ಲಿ ಮಡಿದ ಯೇಲನನ್ನು ವೇಲ್ಸಿನ ರೆಕ್ಸಮ್ಮಿನಲ್ಲಿ ಹೂಳಲಾಯಿತು. ಅವನ ಕೊನೆಯ ವರ್ಷಗಳ ಚಿತ್ರವೊಂದು ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಅದರಲ್ಲಿ ಸಿರಿವಂತರ ಬದಿಗೆ ಕೊರಳಿಗೆ ಲೋಹದ ಪಟ್ಟಿ, ಬೀಗ ತೊಟ್ಟ ಬಾಲಕನೊಬ್ಬ ನಿಂತಿದ್ದಾನೆ. 2020ರಲ್ಲಿ ಗೋಡೆಯಿಂದ ಇಳಿಸಲಾದ ಆ ಚಿತ್ರವು ಬಾಲಕನನ್ನು ಕುರಿತ ಸಂಶೋಧನೆಯ ವಿವರಗಳೊಡನೆ 2022ರಲ್ಲಿ ಮತ್ತೆ ಪ್ರದರ್ಶನಕ್ಕೆ ಬಂದಿತು. ದಾಸ್ಯದೊಡನೆ ತನಗಿದ್ದ ನಂಟಿಗಾಗಿ ವಿಶ್ವವಿದ್ಯಾಲಯವು 2024ರಲ್ಲಿ ವಿಧಿವತ್ತಾಗಿ ಕ್ಷಮೆ ಯಾಚಿಸಿತು. ಹೆಸರು ಬದಲಾಗಿಲ್ಲ.