ಗೆಲಿಲಿಯೋ ಗೆಲಿಲಿ

ಗೆಲಿಲಿಯೋ ಗೆಲಿಲಿ (ಫೆಬ್ರವರಿ 15, 1564 – ಜನವರಿ 8, 1642) ಇಟಲಿಯ ಗಣಿತಜ್ಞ, ಭೌತವಿಜ್ಞಾನಿ ಮತ್ತು ಖಗೋಳವಿಜ್ಞಾನಿ. ದೂರದರ್ಶಕದ ಮೂಲಕ ಮಾಡಿದ ಆವಿಷ್ಕಾರಗಳಿಂದ ಪ್ರಸಿದ್ಧನಾದ ಈತನು, ಸರಳರೇಖೆಯಲ್ಲಿ ಚಲಿಸುವ ಕಾಯಗಳ ನಿಯಮಗಳನ್ನು ಪ್ರಯೋಗ ಮತ್ತು ಗಣಿತದ ನೆರವಿನಿಂದ ನಿರೂಪಿಸಿ ಆಧುನಿಕ ಚಲನಶಾಸ್ತ್ರಕ್ಕೆ ಅಡಿಪಾಯ ಹಾಕಿದನು. ಈ ಸಂಶೋಧನೆಯು ಗ್ರಂಥರೂಪದಲ್ಲಿ ಹೊರಬಂದದ್ದು ಆತನು ಗೃಹಬಂಧನದಲ್ಲಿದ್ದ ವೃದ್ಧಾಪ್ಯದಲ್ಲಿ.

ಆರಂಭಿಕ ಜೀವನ

ಗೆಲಿಲಿಯೋ ಪೀಸಾ ನಗರದಲ್ಲಿ ಜನಿಸಿದನು. ತಂದೆ ವಿನ್ಚೆನ್ಸೊ ಗೆಲಿಲಿ ಸಂಗೀತಗಾರ ಮತ್ತು ಸಂಗೀತಶಾಸ್ತ್ರಜ್ಞ. ವೈದ್ಯಕೀಯ ವ್ಯಾಸಂಗಕ್ಕಾಗಿ 1581ರಲ್ಲಿ ಪೀಸಾ ವಿಶ್ವವಿದ್ಯಾಲಯವನ್ನು ಸೇರಿದ ಈತನ ಆಸಕ್ತಿ ಗಣಿತದತ್ತ ಹೊರಳಿತು. 1585ರಲ್ಲಿ ಪದವಿ ಪಡೆಯದೆಯೇ ಹೊರಬಂದನು. ಆದರೂ 1589ರಲ್ಲಿ ಅಲ್ಲಿಯೇ ಗಣಿತದ ಪ್ರಾಧ್ಯಾಪಕನಾಗಿ ನೇಮಕಗೊಂಡನು. 1592ರಿಂದ 1610ರವರೆಗೆ ಪಾದುವಾ ವಿಶ್ವವಿದ್ಯಾಲಯದಲ್ಲಿ ಬೋಧಿಸಿದನು.

ಚಲನೆಯ ಅಧ್ಯಯನ

ಭಾರವಾದ ಕಾಯವು ತನ್ನ ತೂಕಕ್ಕೆ ಅನುಗುಣವಾಗಿ ಹೆಚ್ಚು ವೇಗದಿಂದ ಬೀಳುತ್ತದೆ ಎಂಬ ಅರಿಸ್ಟಾಟಲ್‌ನ ಅಭಿಪ್ರಾಯವನ್ನು ಗೆಲಿಲಿಯೋ ಪ್ರಶ್ನಿಸಿದನು. ಪೀಸಾದ ವಾಲುಗೋಪುರದಿಂದ ಆತನು ಗುಂಡುಗಳನ್ನು ಬೀಳಿಸಿದನೆಂಬ ಕಥೆಯು ಶಿಷ್ಯ ವಿವಿಯಾನಿ ಬರೆದ ಜೀವನಚರಿತ್ರೆಯಿಂದ ಬಂದಿದೆ. ಅನೇಕ ಇತಿಹಾಸಕಾರರು ಇದನ್ನು ಸಂದೇಹಿಸುತ್ತಾರೆ.

ನೇರವಾಗಿ ಬೀಳುವ ಕಾಯದ ವೇಗವನ್ನು ಅಳೆಯಬಲ್ಲ ಗಡಿಯಾರಗಳು ಅಂದು ಇರಲಿಲ್ಲ. ಆದುದರಿಂದ ಗೆಲಿಲಿಯೋ ಚಲನೆಯನ್ನೇ ನಿಧಾನಗೊಳಿಸುವ ಉಪಾಯವನ್ನು ಕಂಡುಕೊಂಡನು. ಉದ್ದನೆಯ ಮರದ ತೊಲೆಯಲ್ಲಿ ನೇರವಾದ ಕಾಲುವೆಯನ್ನು ಕೊರೆದು, ಅದಕ್ಕೆ ನುಣುಪಾದ ಚರ್ಮಪತ್ರವನ್ನು ಹೊದಿಸಿ, ತೊಲೆಯನ್ನು ಓರೆಯಾಗಿ ನಿಲ್ಲಿಸಿ ಕಂಚಿನ ಗುಂಡನ್ನು ಉರುಳಿಸಿದನು. ಸಣ್ಣ ಕೊಳವೆಯಿಂದ ಹರಿದು ಸಂಗ್ರಹವಾದ ನೀರನ್ನು ತೂಗಿ ಕಾಲವನ್ನು ಅಳೆದನು.

ಗುಂಡು ಕ್ರಮಿಸಿದ ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿರುವುದು ಈ ಪ್ರಯೋಗಗಳಿಂದ ಕಂಡುಬಂದಿತು. ಮೊದಲ ಕಾಲಾವಧಿಯಲ್ಲಿ ಗುಂಡು 1 ಮಾನದಷ್ಟು ದೂರ ಸಾಗಿದರೆ, ಮುಂದಿನ ಸಮಾನ ಅವಧಿಗಳಲ್ಲಿ ಕ್ರಮವಾಗಿ 3, 5, 7 ಮಾನಗಳಷ್ಟು ಸಾಗುತ್ತದೆ. ಒಟ್ಟು ದೂರ 1, 4, 9, 16 ಆಗುತ್ತದೆ. ಇಳಿಜಾರನ್ನು ಬದಲಿಸಿದರೂ ಈ ಅನುಪಾತ ಬದಲಾಗಲಿಲ್ಲ. ಆದುದರಿಂದ ನೇರ ಪತನಕ್ಕೂ ಇದೇ ನಿಯಮ ಅನ್ವಯಿಸುತ್ತದೆಂದು ಆತನು ತೀರ್ಮಾನಿಸಿದನು.

ನಿಯಮದ ಕಾರಣವನ್ನು ಗ್ರಹಿಸಲು ಹೆಚ್ಚು ಕಾಲ ಬೇಕಾಯಿತು. 1604ರಲ್ಲಿ ಪಾವೊಲೊ ಸಾರ್ಪಿಗೆ ಬರೆದ ಪತ್ರದಲ್ಲಿ, ಬೀಳುವ ಕಾಯದ ವೇಗವು ಕ್ರಮಿಸಿದ ದೂರಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ಆತನು ಭಾವಿಸಿದ್ದನು. ಅನಂತರ ಇದನ್ನು ತಿದ್ದಿಕೊಂಡು, ವೇಗವು ಕಾಲಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ನಿರೂಪಿಸಿದನು. ಇಂದಿನ ಪಠ್ಯಗಳಲ್ಲಿ ಇದನ್ನೇ ಏಕರೂಪ ವೇಗೋತ್ಕರ್ಷ ಎಂದು ಕರೆಯಲಾಗುತ್ತದೆ.

ವಿಚಾರಣೆ ಮತ್ತು ಕೊನೆಯ ವರ್ಷಗಳು

1609ರಲ್ಲಿ ದೂರದರ್ಶಕದತ್ತ ಹರಿದ ಗಮನವು ಚಲನೆಯ ಅಧ್ಯಯನವನ್ನು ಹಿಂದಕ್ಕೆ ತಳ್ಳಿತು. 1610ರಲ್ಲಿ ಗುರುಗ್ರಹದ ಉಪಗ್ರಹಗಳನ್ನು ಕಂಡ ಬಳಿಕ ಆತನು ಕೊಪರ್ನಿಕಸ್‌ನ ಸೂರ್ಯಕೇಂದ್ರ ಸಿದ್ಧಾಂತವನ್ನು ಬಹಿರಂಗವಾಗಿ ಬೆಂಬಲಿಸತೊಡಗಿದನು. 1632ರಲ್ಲಿ ಪ್ರಕಟವಾದ ವಿಶ್ವವ್ಯವಸ್ಥೆಗಳ ಕುರಿತ ಸಂವಾದಗ್ರಂಥಕ್ಕಾಗಿ ರೋಮಿನ ಧಾರ್ಮಿಕ ನ್ಯಾಯಮಂಡಲಿಯು ಆತನನ್ನು ವಿಚಾರಣೆಗೆ ಒಳಪಡಿಸಿತು. 1633ರ ಜೂನ್ 22ರಂದು ಆತನು ತನ್ನ ಮತವನ್ನು ತ್ಯಜಿಸುವುದಾಗಿ ಘೋಷಿಸಬೇಕಾಯಿತು.

ಫ್ಲಾರೆನ್ಸ್ ಸಮೀಪದ ಆರ್ಚೆಟ್ರಿಯಲ್ಲಿ ಗೃಹಬಂಧನದಲ್ಲಿದ್ದಾಗ, 1634ರಲ್ಲಿ, ಪ್ರೀತಿಯ ಮಗಳು ಮರಿಯಾ ಚೆಲೆಸ್ಟೆ ತೀರಿಕೊಂಡಳು. ಈ ದುಃಖದ ನಡುವೆಯೂ ಗೆಲಿಲಿಯೋ ಪಾದುವಾದ ದಿನಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ಎರಡು ನೂತನ ವಿಜ್ಞಾನಗಳನ್ನು ಕುರಿತ ಗ್ರಂಥವನ್ನು ಪೂರ್ಣಗೊಳಿಸಿದನು. ಆತನ ಕೃತಿಗಳ ಪ್ರಕಟಣೆಗೆ ನಿಷೇಧವಿದ್ದುದರಿಂದ, ಅದು 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಮುದ್ರಣಗೊಂಡಿತು. ಆ ವೇಳೆಗೆ ಆತನು ದೃಷ್ಟಿಯನ್ನು ಕಳೆದುಕೊಂಡಿದ್ದನು. 1642ರಲ್ಲಿ ಆರ್ಚೆಟ್ರಿಯಲ್ಲಿಯೇ ನಿಧನನಾದನು.

ಪ್ರಭಾವ

ಘರ್ಷಣೆಯಿಲ್ಲದ ಸಮತಲದಲ್ಲಿ ಉರುಳುವ ಗುಂಡು ವೇಗವನ್ನು ಕಳೆದುಕೊಳ್ಳುವುದಿಲ್ಲ ಎಂಬ ಗೆಲಿಲಿಯೋನ ವಿಚಾರವನ್ನು ಮುಂದಿನವರು ಬೆಳೆಸಿದರು. 1687ರಲ್ಲಿ ನ್ಯೂಟನ್ ಪ್ರಕಟಿಸಿದ ಚಲನೆಯ ಮೊದಲನೆಯ ನಿಯಮವು ಅದರ ಪೂರ್ಣರೂಪ. ನಿರ್ವಾತದಲ್ಲಿ ಎಲ್ಲ ಕಾಯಗಳೂ ಸಮಾನ ವೇಗದಿಂದ ಬೀಳುತ್ತವೆ ಎಂಬ ಆತನ ತೀರ್ಮಾನವನ್ನು 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬೀಳಿಸಿ ತೋರಿಸಿದನು. ಎರಡೂ ಏಕಕಾಲದಲ್ಲಿ ನೆಲವನ್ನು ಮುಟ್ಟಿದವು.