ಪಿ. ಕಾಳಿಂಗರಾವ್

ಪಿ. ಕಾಳಿಂಗರಾವ್ (ಪಾಂಡೇಶ್ವರ ಕಾಳಿಂಗರಾವ್, 31 ಆಗಸ್ಟ್ 1914 – 21 ಸೆಪ್ಟೆಂಬರ್ 1981) ಕನ್ನಡದ ಹೆಸರಾಂತ ಗಾಯಕರು ಹಾಗೂ ರಾಗಸಂಯೋಜಕರು. ಆಧುನಿಕ ಕನ್ನಡ ಕವಿತೆಗಳನ್ನು ವೇದಿಕೆ ಮತ್ತು ಧ್ವನಿಮುದ್ರಿಕೆಗಳ ಮೂಲಕ ಜನಸಾಮಾನ್ಯರಿಗೆ ತಲುಪಿಸಿದವರಲ್ಲಿ ಮೊದಲಿಗರು. ಕರ್ನಾಟಕದಲ್ಲಿ ಸುಗಮ ಸಂಗೀತ ಪ್ರಕಾರಕ್ಕೆ ಬುನಾದಿ ಹಾಕಿದವರಲ್ಲಿ ಅವರ ಹೆಸರು ಪ್ರಮುಖವಾದುದು.

ಜನನ ಮತ್ತು ಬಾಲ್ಯ

ಕಾಳಿಂಗರಾಯರು ಈಗಿನ ಉಡುಪಿ ಜಿಲ್ಲೆಯ ಆರೂರಿನಲ್ಲಿ ಜನಿಸಿದರು. ಆಗ ಈ ಪ್ರದೇಶವು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅವರ ತಂದೆ ಯಕ್ಷಗಾನ ಕಲಾವಿದರಾಗಿದ್ದರು. ಭಾಗವತರ ಹಾಡಿನ ಮೂಲಕವೇ ಕಥೆ ಸಾಗುವ ಈ ಕಲೆಯ ವಾತಾವರಣದಲ್ಲಿ ಬೆಳೆದ ಅವರು ಬಾಲ್ಯದಲ್ಲಿಯೇ ನಾಟಕ ಮಂಡಳಿಯನ್ನು ಸೇರಿ ರಂಗಗೀತೆಗಳನ್ನು ಹಾಡತೊಡಗಿದರು. ಮುಂದೆ ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡನ್ನೂ ಅಭ್ಯಾಸ ಮಾಡಿದರು.

ಗಾಯನ

ಶಾಸ್ತ್ರೀಯ ಸಂಗೀತದಲ್ಲಿ ರಾಗವಿಸ್ತಾರಕ್ಕೆ ಪ್ರಾಧಾನ್ಯವಿದ್ದರೆ, ಕಾಳಿಂಗರಾಯರ ಗಾಯನದಲ್ಲಿ ಸಾಹಿತ್ಯಕ್ಕೆ ಮೊದಲ ಸ್ಥಾನ. ಪದಗಳ ಸ್ಪಷ್ಟ ಉಚ್ಚಾರಣೆ, ಭಾವಕ್ಕೆ ತಕ್ಕ ಸರಳ ರಾಗಸಂಯೋಜನೆ ಮತ್ತು ತುಂಬು ಕಂಠ ಅವರ ಶೈಲಿಯ ಲಕ್ಷಣಗಳು. ಸಹೋದರಿಯರಾದ ಮೋಹನಕುಮಾರಿ ಮತ್ತು ಸೋಹನಕುಮಾರಿ ಅವರ ಸಹಗಾಯಕಿಯರಾಗಿದ್ದರು. ಈ ಮೂವರ ಕೂಡುಗಾಯನವು ಹಲವು ವರ್ಷಗಳ ಕಾಲ ಕನ್ನಡ ನಾಡಿನ ಸಭೆ, ಉತ್ಸವಗಳಲ್ಲಿ ಜನಪ್ರಿಯವಾಗಿತ್ತು.

ಅಂದಿನ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷಗಳ ಹಾಡನ್ನು ಮಾತ್ರ ಮುದ್ರಿಸಬಹುದಾಗಿತ್ತು. ದೀರ್ಘ ಆಲಾಪನೆಗೆ ಎಡೆಯಿಲ್ಲದ ಈ ಮಿತಿಯು ಭಾವಗೀತೆಗೆ ಹೊಂದಿಕೆಯಾಯಿತು. ಓದು ಬಾರದವರೂ ಗ್ರಾಮಫೋನ್ ಮತ್ತು ಆಕಾಶವಾಣಿಯ ಮೂಲಕ ಕವಿತೆಗಳನ್ನು ಕೇಳುವಂತಾಯಿತು.

ಹಾಡಿದ ಕವಿತೆಗಳು

1956ರ ನವೆಂಬರ್ 1ಕ್ಕೆ ಮುನ್ನ ಕನ್ನಡ ಮಾತನಾಡುವ ಪ್ರದೇಶಗಳು ಮುಂಬಯಿ, ಮದ್ರಾಸ್, ಹೈದರಾಬಾದ್, ಮೈಸೂರು ಮತ್ತು ಕೊಡಗು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಕಾಳಿಂಗರಾಯರು ಕರಾವಳಿಯವರಾದರೂ ಅವರ ಹಾಡುಗಳ ಆಯ್ಕೆ ಈ ಗಡಿಗಳನ್ನು ಮೀರಿತ್ತು. ಧಾರವಾಡದ ದ. ರಾ. ಬೇಂದ್ರೆಯವರ ‘ಗಂಗಾವತರಣ’, ಹಳೆಯ ಮೈಸೂರಿನ ಆಡುಮಾತಿನಲ್ಲಿರುವ ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’, ಕುಣಿಗಲ್ ಕೆರೆಯನ್ನು ವರ್ಣಿಸುವ ಜನಪದ ಗೀತೆ, ಪುರಂದರದಾಸರ ಕೀರ್ತನೆ ಇವೆಲ್ಲವೂ ಅವರ ಕಂಠದಿಂದ ಮನೆಮಾತಾದವು. ಗಂಗಾವತರಣದ ಆರ್ತ ಮೊರೆಯನ್ನೂ ರತ್ನನ ನಗೆಯ ಹಿಂದಿರುವ ನೋವನ್ನೂ ಅವರು ಒಂದೇ ಶ್ರದ್ಧೆಯಿಂದ ಹಾಡಿದರು.

ಗದುಗಿನ ಹುಯಿಲಗೋಳ ನಾರಾಯಣರಾಯರು ರಚಿಸಿದ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾದ ನಾಡಗೀತೆಯನ್ನು ಮುಂದಿನ ತಲೆಮಾರಿಗೆ ಪರಿಚಯಿಸಿದವರಲ್ಲಿ ಕಾಳಿಂಗರಾಯರು ಮುಖ್ಯರು. ಈ ಗೀತೆಯು ಏಕೀಕರಣ ಚಳವಳಿಯೊಂದಿಗೆ ಬೆಸೆದುಕೊಂಡಿದೆ. ಬೇರೆ ಬೇರೆ ಆಡಳಿತಗಳಲ್ಲಿದ್ದ ಕನ್ನಡಿಗರಿಗೆ ಒಬ್ಬರ ನುಡಿ ಮತ್ತೊಬ್ಬರ ಕಿವಿಗೆ ಬೀಳುವಂತೆ ಮಾಡಿದ್ದು ಅವರ ಗಾಯನದ ದೊಡ್ಡ ಸಾಧನೆ.

ಚಲನಚಿತ್ರರಂಗ

ಕಾಳಿಂಗರಾಯರು ‘ಕೃಷ್ಣಲೀಲಾ’ (1947) ಮತ್ತು ‘ಅಬ್ಬಾ ಆ ಹುಡುಗಿ’ (1959) ಚಿತ್ರಗಳಿಗೆ ಸಂಗೀತ ನೀಡಿದರು. ಆದರೆ ಅವರಿಗೆ ಹೆಚ್ಚಿನ ಖ್ಯಾತಿ ತಂದುಕೊಟ್ಟದ್ದು ಭಾವಗೀತೆ ಮತ್ತು ಜನಪದ ಗೀತೆಗಳ ಗಾಯನವೇ.

ಪ್ರಭಾವ ಮತ್ತು ನಿಧನ

ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೊದಲಾದ ಮುಂದಿನ ಗಾಯಕರು ಕಾಳಿಂಗರಾಯರು ತೆರೆದ ಹಾದಿಯಲ್ಲಿ ನಡೆದು, ಅದನ್ನು ತಮ್ಮದೇ ರೀತಿಯಲ್ಲಿ ವಿಸ್ತರಿಸಿದರು. 1978ರಲ್ಲಿ ಕವಿ ಕೆ. ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎನಿಸಿದ ಇದರೊಂದಿಗೆ, ಬಿಡಿ ಹಾಡುಗಳ ತಟ್ಟೆಗಳ ಕಾಲ ಕಳೆದು ಕವಿ ಮತ್ತು ಸಂಯೋಜಕರು ಜೊತೆಗೂಡಿದ ಗೀತಗುಚ್ಛಗಳ ಕಾಲ ಆರಂಭವಾಯಿತು.

ಇದಾದ ಮೂರು ವರ್ಷಗಳ ಬಳಿಕ, 1981ರ ಸೆಪ್ಟೆಂಬರ್ 21ರಂದು, ಕಾಳಿಂಗರಾಯರು ನಿಧನರಾದರು. ಅವರು ಹಾಡಿದ ಅನೇಕ ಕವಿತೆಗಳು ಇಂದಿಗೂ ಅವರದೇ ಧಾಟಿಯಲ್ಲಿ ಶಾಲೆಗಳಲ್ಲಿ ಮತ್ತು ರಾಜ್ಯೋತ್ಸವ ಸಮಾರಂಭಗಳಲ್ಲಿ ಕೇಳಿಬರುತ್ತವೆ.